ಉಪ್ಪಿನ ವಾಸನೆ

ನಮ್ಮ ಮನೆಯಲ್ಲಿ ಅಡುಗೆ ಮಾಡುವಾಗ ಯಾರೂ ರುಚಿ ನೋಡುವುದಿಲ್ಲ. ನಾಲಿಗೆಗೆ ಒಂದು ಹನಿ ತಾಗಿತೆಂದರೆ ಇಡೀ ಪಾತ್ರೆ ಎಂಜಲು, ಎಂಜಲು ದೇವರಿಗೆ ನಡೆಯುವುದಿಲ್ಲ. ನೈವೇದ್ಯ ಆದ ಮೇಲೆ ಅದು ಪ್ರಸಾದ, ಪ್ರಸಾದಕ್ಕೆ ಹೆಸರಿಟ್ಟು ತಪ್ಪು ತೆಗೆಯುವಂತಿಲ್ಲ. ಅಂದರೆ ಮೊದಲು ನೋಡುವ ಹಾಗಿಲ್ಲ, ಆಮೇಲೆ ಹೇಳುವ ಹಾಗಿಲ್ಲ. ನಾನು ಬಾಗಲಕೋಟೆಯ ಈ ಮನೆಗೆ ಸೊಸೆಯಾಗಿ ಬಂದು ಹದಿನಾರು ವರ್ಷ. ಮೊದಲ ವಾರವೇ ಇದನ್ನು ಹೇಳಿದ್ದರು, ನಾನೂ ಹೂಂ ಅಂದಿದ್ದೆ.

ಹಾಗಾದರೆ ಉಪ್ಪು ಸರಿಯಾಗುವುದು ಹೇಗೆ? ನಮ್ಮ ಅತ್ತೆ ಸರಸ್ವತೀಬಾಯಿ ಮೂಗಿನಿಂದಲೇ ಹೇಳುತ್ತಿದ್ದರು. ಬಗ್ಗಿ ಮೂಸುವುದೂ ತಪ್ಪೇ. ಆದರೆ ಹಬೆ ತಾನಾಗಿ ಮೇಲೆ ಬಂದರೆ ಯಾರೇನು ಮಾಡಲಿಕ್ಕಾಗುತ್ತದೆ? ಒಲೆಯ ಮುಂದೆ ಸುಮ್ಮನೆ ನಿಂತು, “ಇನ್ನೊಂದ ಚಿಟಿಕಿ ಹಿಡೀತದ” ಅನ್ನುತ್ತಿದ್ದರು. ಉಪ್ಪಿಗೆಲ್ಲಿಯ ವಾಸನೆ ಎಂದು ನಾನು ಒಳಗೊಳಗೇ ನಕ್ಕಿದ್ದೆ. ಒಮ್ಮೆ ಅವರು ಬಚ್ಚಲಿಗೆ ಹೋದಾಗ ಬೇಕಂತಲೇ ಸಾರಿಗೆ ಅರ್ಧ ಚಮಚ ಹೆಚ್ಚು ಹಾಕಿಟ್ಟೆ. ಬಂದವರೇ ಹೊಸ್ತಿಲಲ್ಲಿ ನಿಂತು, “ವೃಂದಾ, ಸಾರಿಗೆ ಯಾಕ ಕೈ ಹಾಕಿದಿ?” ಅಂದರು. ಅವತ್ತಿನಿಂದ ನಾನು ನಕ್ಕಿಲ್ಲ.

ಈ ವರ್ಷ ಆಷಾಢದ ಆರಂಭದಲ್ಲಿ ಅವರಿಗೆ ಐದು ದಿನ ಜ್ವರ ಬಂತು. ಆರನೆಯ ದಿನ ಎದ್ದು ಸ್ನಾನ ಮಾಡಿ ಮಡಿ ಉಟ್ಟು ಒಲೆಯ ಮುಂದೆ ನಿಂತರು. ಏಕಾದಶಿಯಿಂದ ಚಾತುರ್ಮಾಸ ಸುರುವಾಯಿತು. ಮೊದಲ ತಿಂಗಳು ಶಾಕವ್ರತ. ಕಾಯಿಪಲ್ಲೆ ಇಲ್ಲ, ಹುಣಸೆಹಣ್ಣಿಲ್ಲ, ಮೆಣಸಿನಕಾಯಿ ಇಲ್ಲ. ಬೇಳೆ, ಮೆಣಸಿನಕಾಳು, ಅನ್ನ. ಊಟ ಸಪ್ಪೆ ಅನ್ನಿಸಿದಾಗ ಎಲ್ಲರೂ ಅದನ್ನು ವ್ರತದ ಲೆಕ್ಕಕ್ಕೆ ಹಾಕಿದೆವು. ತಿಂಗಳು ಮುಗಿದು ಕಾಯಿಪಲ್ಲೆ ಬಂದರೂ ರುಚಿ ಬರಲಿಲ್ಲ. ಒಂದು ದಿನ ಸಾರು ಸಪ್ಪೆ. ಮರುದಿನ ಬಾಯಿಗಿಡಲಾಗದಷ್ಟು ಉಪ್ಪು. ಇನ್ನೊಂದು ದಿನ ಸಾರು ಸರಿ, ಪಲ್ಯದಲ್ಲಿ ಎರಡು ಸಲ ಉಪ್ಪು.

ಯಾರೂ ಏನೂ ಅನ್ನಲಿಲ್ಲ. ಮಾವ ಪಂಢರೀನಾಥ ಮೂವತ್ತಾರು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಎಲೆಯ ತುದಿಗೆ ಬಡಿಸಿದ ಉಪ್ಪನ್ನು ಅವರು ಕೈಯಲ್ಲೂ ಮುಟ್ಟುವುದಿಲ್ಲ. ಮುಟ್ಟಿದರೆ ಅಡುಗೆಗೆ ಹೆಸರಿಟ್ಟಂತೆ. ಸಪ್ಪೆ ಇದ್ದರೆ ಸಪ್ಪೆ, ಉಪ್ಪಾದರೆ ಉಪ್ಪು, ತಲೆ ತಗ್ಗಿಸಿ ಉಂಡು ಎದ್ದು ಹೋಗುತ್ತಿದ್ದರು. ನನ್ನ ಗಂಡ ನಿತಿನ ಜಿಲ್ಲಾ ಪಂಚಾಯತಿ ಕಚೇರಿಯಲ್ಲಿ ಕೆಲಸ ಮಾಡುತ್ತಾರೆ. ಅವರು ಎರಡು ತುತ್ತು ಉಂಡು ಮೊಬೈಲು ಹಿಡಿಯುತ್ತಿದ್ದರು. ಮಗಳು ಪ್ರಾಚಿ ಎಂಟನೆಯ ತರಗತಿ. ಅವಳು ಹಸಿವಿಲ್ಲ ಅನ್ನುವುದನ್ನು ಕಲಿತಳು. ನಾನು ಕುಳಗೇರಿ ಕ್ರಾಸಿನ ಸರಕಾರಿ ಸಾಲೆಯಲ್ಲಿ ಶಿಕ್ಷಕಿ. ಏಳರ ಬಸ್ಸಿಗೆ ಹೋಗಿ ಸಂಜೆ ಬರುವವಳು. ರಾತ್ರಿ ಊಟಕ್ಕೆ ಕೂತರೆ ಐದು ಜನ ಅಗಿಯುವ ಸಪ್ಪಳ ಒಂದೇ. ನನಗೂ ಏನೂ ಅನ್ನಿಸುವುದು ನಿಂತುಹೋಯಿತು. ತಟ್ಟೆಯಲ್ಲಿದ್ದದ್ದನ್ನು ಮುಗಿಸುತ್ತಿದ್ದೆ.

ಬಾಯಿಬಿಟ್ಟು ಹೇಳಿದವಳು ನಮ್ಮ ಸಾಲೆಯ ಯಾಸ್ಮೀನ. ಅತ್ತೆ ನಸುಕಿನಲ್ಲೇ ಕಟ್ಟಿಕೊಡುವ ನನ್ನ ಡಬ್ಬಿಯನ್ನೂ ಅವಳದನ್ನೂ ಮಧ್ಯಾಹ್ನ ಇಬ್ಬರೂ ಹಂಚಿಕೊಂಡು ಉಣ್ಣುತ್ತೇವೆ.

“ವೃಂದಾ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ಹದಿನೈದು ದಿನಾ ಆತು, ನಿಮ್ಮ ಪಲ್ಯಾದಾಗ ಉಪ್ಪಿಂದು ಏನರ ಒಂದು ತಕರಾರ ಐತಿ.”

“ಹೌದಾ?” ಅಂದೆ.

“ಹೌದಾ ಅಂತ ನನ್ನ ಕೇಳ್ತೀರಲ್ರಿ. ನೀವು ಉಣ್ಣೂದಿಲ್ಲೇನು?”

“ಉಣ್ತೇನಿ.”

“ಮತ್ತ ಮನ್ಯಾಗ ಯಾರೂ ಏನೂ ಅನ್ನೂದಿಲ್ಲ? ನಮ್ಮನ್ಯಾಗ ಒಂದ ಹಳ್ಳು ಉಪ್ಪು ಕಮ್ಮಿ ಆದ್ರ ನಮ್ಮ ಮಾವಾ ಅಹ್ಮದಸಾಬ ಓಣಿಗೆಲ್ಲಾ ಕೇಳೂವಂಗ ಒದರ್ತಾರ.”

ನಮ್ಮಲ್ಲಿ ಹಾಗೆ ಒದರುವುದಿಲ್ಲ ಎಂದು ಹೇಳಿದೆ. ಯಾಸ್ಮೀನ ನನ್ನ ಮುಖ ನೋಡಿ, ತನ್ನ ಡಬ್ಬಿಯ ಚಟ್ನಿಯನ್ನು ನನ್ನ ಕಡೆ ಸರಿಸಿದಳು.

ಪ್ರಾಚಿಯ ಸಾಲೆಯಲ್ಲಿ ವಿಜ್ಞಾನ ಕಲಿಸುವ ಆಫ್ರೀನ ಟೀಚರು ಹೊಸ ಕೆಲಸ ಹಚ್ಚಿದ್ದರು. ಮಕ್ಕಳು ದಿನಕ್ಕೊಂದು ಹೊಸದನ್ನು ಮನೆಯಲ್ಲೇ ಕಂಡುಹಿಡಿದು ಪಟ್ಟಿಯಲ್ಲಿ, ಅಂದರೆ ನೋಟುಬುಕ್ಕಿನಲ್ಲಿ, ಬರೆಯಬೇಕು. ಪುಸ್ತಕದಲ್ಲಿ ಇದ್ದದ್ದು ನಡೆಯುವುದಿಲ್ಲ. ವಾರಕ್ಕೊಮ್ಮೆ ಪಾಲಕರ ಸಹಿ ಬೇಕು. ಪ್ರಾಚಿ ಪಟ್ಟಿಗೆ ‘ಇವತ್ತು ಕಂಡದ್ದು’ ಎಂದು ಹೆಸರಿಟ್ಟಿದ್ದಳು. ಮನೆಯಲ್ಲಿ ಓಡಾಡುತ್ತಿದ್ದ ಜೀವ ಅಂದರೆ ಆಗ ಅವಳೊಬ್ಬಳೇ.

ಒಂದು ಶನಿವಾರ ಸಂಜೆ ಸಹಿ ಮಾಡಲು ಪಟ್ಟಿ ತೆಗೆದೆ. ಮೊದಲ ಪುಟದಲ್ಲಿ ಹೀಗಿತ್ತು: ‘ಜೋಳದ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿದರೆ ರೊಟ್ಟಿ ಬಡಿಯುವಾಗ ಒಡೆಯುತ್ತದೆ. ಕುದಿನೀರು ಹಾಕಿದರೆ ಒಡೆಯುವುದಿಲ್ಲ. ನಾನೇ ಬಡಿದು ನೋಡಿದೆ. ನನ್ನ ರೊಟ್ಟಿ ಭಾರತದ ನಕಾಶೆಯ ಹಾಗೆ ಆಯಿತು.’ ಮುಂದೆ: ‘ಅರಿಷಿಣದ ಕಲೆಗೆ ಸಾಬೂನು ಹಚ್ಚಿದರೆ ಕೆಂಪಾಗುತ್ತದೆ. ಬಿಸಿಲಿಗೆ ಹಾಕಿದರೆ ಹೋಗುತ್ತದೆ.’ ಅದರ ಮುಂದೆ: ‘ಹಸಿಮೆಣಸಿನಕಾಯಿಯ ತೊಟ್ಟು ಹಾಕಿದರೆ ಹಾಲು ಹೆಪ್ಪಾಗುತ್ತದೆ. ಆದರೆ ಈ ತಿಂಗಳು ನಮ್ಮ ಮನೆಯಲ್ಲಿ ದಧಿವ್ರತ, ಯಾರೂ ಮೊಸರು ತಿನ್ನುವುದಿಲ್ಲ. ಆದ್ದರಿಂದ ಟೀಚರಿಗೆ ಕೊಟ್ಟೆ. ಚೆನ್ನಾಗಿತ್ತು ಅಂದರು.’ ಬಹಳ ದಿನಗಳ ಮೇಲೆ ನನಗೆ ನಗು ಬಂತು.

ಕೊನೆಯ ಪುಟ ಓದಿದಾಗ ಹೋಯಿತು.

‘ನಮ್ಮ ಅಜ್ಜಿ ಕಣ್ಣು ಕಟ್ಟಿಕೊಂಡು, ಮುಚ್ಚಳ ತೆಗೆಯುವ ಸಪ್ಪಳದಿಂದಲೇ ಡಬ್ಬಿಯಲ್ಲಿ ಏನಿದೆ ಎಂದು ಹೇಳುತ್ತಾಳೆ. ಇಂಗು, ಜೀರಿಗೆ, ಕಾಫಿಪುಡಿ ಮೂರೂ ಸರಿ. ಆಮೇಲೆ ನಾನು ಮೂರನ್ನೂ ಒಂದೇ ತರಹದ ಬಟ್ಟಲಲ್ಲಿ ಹಾಕಿ ಮೂಗಿನ ಹತ್ತಿರ ಹಿಡಿದೆ. ಒಂದೂ ಹೇಳಲಿಲ್ಲ. ಕೊನೆಗೆ ಕರ್ಪೂರ ಹಿಡಿದೆ, ಅದಕ್ಕೂ ಜೀರಿಗೆ ಅಂದಳು. ತೀರ್ಮಾನ: ಅಜ್ಜಿಗೆ ಮೂಗಿಗಿಂತ ಕಿವಿ ಚುರುಕು.’

ಸಹಿ ಮಾಡದೆ ಹಿತ್ತಲಿಗೆ ಹೋದೆ. ಅತ್ತೆ ಕಟ್ಟೆಯ ಮೇಲೆ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದರು.

“ಯಾವಾಗಿಂದ್ರಿ?” ಅಂದೆ.

ಏನು ಎಂದು ಅವರು ಕೇಳಲಿಲ್ಲ. “ಜ್ವರದಿಂದ,” ಅಂದರು.

“ಬಾಯಿ?”

“ಬಾಯಿನೂ ಜೋಮು ಹಿಡದದ. ಎಲ್ಲಾ ಒಂದ. ಬೆಲ್ಲಾ ಇಟ್ರೂ ಅಷ್ಟ, ಮಣ್ಣಿಟ್ರೂ ಅಷ್ಟ.”

“ಎರಡು ತಿಂಗಳಾತು. ಹೇಳಬಾರದೇನ್ರಿ?”

“ಯಾರಿಗೆ ಹೇಳಲಿ? ಹೆಚ್ಚುಕಡಿಮಿ ಆಗಿದ್ರ ನೀವರ ಹೇಳ್ತೀರಿ ಅಂತ ಕಾಯ್ದೆ. ಯಾರೂ ಏನೂ ಅನ್ನಲಿಲ್ಲ. ಕೈ ಸರಿ ನಡದದ ಅಂತ ತಿಳಕೊಂಡೆ.” ಸೊಪ್ಪಿನ ಕಡ್ಡಿ ಮುರಿಯುತ್ತಲೇ ಕೇಳಿದರು, “ಹೆಚ್ಚುಕಡಿಮಿ ಆಗ್ಯದೇನು?”

ನಾನು ಹೌದು ಅಂದೆ. ಅವರು ಆಮೇಲೆ ಆ ಕಟ್ಟು ಮುಗಿಯುವ ತನಕ ತಲೆ ಎತ್ತಲಿಲ್ಲ.

ಅವತ್ತು ಊಟಕ್ಕೆ ಕೂತಾಗ ನಾನೇ ಹೇಳಿದೆ. ಆಮೇಲೆ ಒಬ್ಬೊಬ್ಬರದೂ ಹೊರಗೆ ಬಂತು.

“ನನ್ನ ಬಿ.ಪಿ. ಸಲುವಾಗಿ ಉಪ್ಪು ಕಡಿಮಿ ಮಾಡ್ಯಾಳ ಅಂತ ತಿಳದಿದ್ದೆ,” ಅಂದರು ಮಾವ.

“ಉಪ್ಪು ಹೆಚ್ಚಾದ ದಿನಾ?” ಅತ್ತೆ ಕೇಳಿದರು.

“ಅವತ್ತು ಬಿ.ಪಿ. ಸುದ್ದಿ ಮರತಿರಬೇಕು ಅಂತ.”

“ಅವ್ವಗ ನನ್ನ ಮ್ಯಾಲೆ ಸಿಟ್ಟದ ಅಂತ ನಾ ತಿಳದಿದ್ದೆ,” ಅಂದರು ನಿತಿನ. “ಶ್ರಾವಣದಾಗ ಬನಶಂಕರಿಗೆ ಕರಕೊಂಡು ಹೋಗ್ತೇನಿ ಅಂತ ಹೇಳಿ ಹೋಗಲಿಲ್ಲಲ್ಲ, ಅದಕ್ಕ.”

“ಸಿಟ್ಟು ಬಂದ್ರ ಬಾಯಿಲೆ ಹೇಳ್ತೇನಿ. ಸಾರಿನಾಗ ಯಾಕ ಹೇಳಲಿ?”

ನಾನು ತಿಳಿದದ್ದನ್ನು ಹೇಳಲಿಲ್ಲ. ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ, ನಾನು ಬಾಯಿಬಿಟ್ಟರೆ ‘ಸೊಸೆ ಹೆಸರಿಟ್ಟಳು’ ಅನ್ನುವುದಕ್ಕೆ ಕಾಯುತ್ತಿದ್ದಾರೆ ಎಂದು ತಿಳಿದಿದ್ದೆ. ಆ ಮಾತನ್ನು ಸಾರಿನ ಜೊತೆ ನುಂಗಿದೆ.

“ನಾ ಅಂತೂ ಆಫ್ರೀನ ಟೀಚರ ಡಬ್ಬಿ ಉಣ್ತಿದ್ದೆ,” ಅಂದಳು ಪ್ರಾಚಿ. ಯಾರೂ ಬೈಯಲಿಲ್ಲ.

ಸೋಮವಾರ ನಿತಿನ ಅವ್ವನನ್ನು ಮೂಗಿನ ದವಾಖಾನೆಗೆ ಕರೆದುಕೊಂಡು ಹೋದರು. ವಾಸನೆ ಬಂದರೆ ಬರುತ್ತದೆ, ಆರು ತಿಂಗಳೂ ಹಿಡಿಯಬಹುದು, ಬರದೇ ಇರಲೂಬಹುದು ಎಂದು ಡಾಕ್ಟರು ಅಂದರಂತೆ. ಮನೆಗೆ ಬಂದು ಕಾಲು ತೊಳೆದವರೇ ನಿತಿನ ಇನ್ನೊಂದು ವಿಷಯ ತೆಗೆದರು.

“ಅವ್ವಾ, ಪಕ್ಷಕ್ಕ ಇನ್ನ ಹತ್ತೊಂಬತ್ತು ದಿನಾ ಅದ. ಈ ಸಲ ಮಠದಾಗ ಮಾಡಿಸಿಬಿಡೋಣು. ಅಡಗಿ ಅವರ ಮಾಡ್ತಾರ. ನಾ ಮಾತಾಡೇನಿ.”

ಪಕ್ಷವೆಂದರೆ ಮಾವನವರ ತಾಯಿಯ ಶ್ರಾದ್ಧ. ಆಕೆ ತೀರಿಕೊಂಡು ಇಪ್ಪತ್ತೆಂಟು ವರ್ಷ. ಅತ್ತೆ ಒಂದು ವರ್ಷವೂ ತಪ್ಪದೆ ತಾವೇ ಅಡುಗೆ ಮಾಡಿ, ಬಂದ ಬ್ರಾಹ್ಮಣರಿಗೆ ಬಡಿಸಿದ್ದಾರೆ.

“ಯಾರನ್ನ ಕೇಳಿ ಮಾತಾಡಿದಿ?” ಅಂದರು ಅತ್ತೆ.

“ನಿನ್ನ ಸಲುವಾಗಿನ ಮಾಡೇನಿ.”

“ಹಳೇ ಊರಾಗಿನ ಮನಿ ಡ್ಯಾಮಿನ ಹಿನ್ನೀರಿನಾಗ ಹೋತು. ಆ ವರ್ಷನೂ ನಾ ಪಕ್ಷ ಮನ್ಯಾಗ ಮಾಡೇನಿ. ಈ ಹೊಸಾ ಮನಿ ಗೋಡಿಗೆ ಆಗ ಸಿಮೆಂಟಿನ ಗಿಲಾವನೂ ಆಗಿರಲಿಲ್ಲ.”

“ಒಂದ ವರ್ಷದ ಮಾತದ, ಅವ್ವಾ.”

“ಒಂದ ವರ್ಷ ಹೊರಗ ಹೋದದ್ದು ಮತ್ತ ಒಳಗ ಬರೂದಿಲ್ಲ. ನನಗ ಗೊತ್ತದ.”

“ಎಲಿ ಮ್ಯಾಲೆ ಸಪ್ಪನ ಸಾರು ಬಿದ್ರ ಛಂದ ಕಾಣಸ್ತದೇನು? ಶ್ರಾದ್ಧದಾಗ ಬ್ರಾಹ್ಮಣರು ಮಾತಾಡೂಹಂಗಿಲ್ಲ. ಅರ್ಧಾ ಹೊಟ್ಟಿಲೆ ಎದ್ದು ಹೋಗ್ತಾರ.”

ನಾನು, “ಬೇಕಾದ್ರ ಈ ವರ್ಷ ಅಡಗಿ ನಾ ಮಾಡ್ತೇನ್ರಿ,” ಅಂದೆ.

“ನೀ ಮಾಡಬಲ್ಲಿ, ನಾ ಇಲ್ಲ ಅನ್ನೂದಿಲ್ಲ,” ಅಂದರು ಅತ್ತೆ. “ಆದ್ರ ಈ ಅಡಗಿ ನನಗ ಕಲಿಸಿದಾಕಿ ನಮ್ಮತ್ತಿ. ಆಕಿ ಕಲಿಸಿದ್ದನ್ನ ಆಕಿಗೆ ಬಡಸೂದು ವರ್ಷಕ್ಕ ಒಂದ ದಿನಾ. ಅದೂ ಕಸಕೊಂಡ್ರ ನನಗ ಈ ಮನ್ಯಾಗ ಏನು ಉಳೀತು?”

ಆಗ ಮಾವ ಪೇಪರು ಮಡಚಿ ಕೆಳಗಿಟ್ಟರು. “ಮಠಕ್ಕ ಒಂದ ವಾರ ಬಿಟ್ಟು ಹೇಳ್ತೇವಿ ಅನ್ನು,” ಎಂದು ಮಗನಿಗೆ ಹೇಳಿದರು. ಅಷ್ಟೇ ಹೇಳಿದ್ದು.

ಮರುದಿನ ನಾನು ಸಾಲೆಯಿಂದ ಬಂದಾಗ ಅಜ್ಜ ಮೊಮ್ಮಗಳು ಪಡಸಾಲೆಯಲ್ಲಿ ನೆಲದ ಮೇಲೆ ಕೂತಿದ್ದರು. ಮುಂದೆ ಎರಡು ಸೆಲ್ಲು, ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಒಂದು ಕೆಂಪು ದೀಪ, ಸುಲಿದ ತಾಮ್ರದ ತಂತಿ ಎರಡು. ಉಪ್ಪಿನ ನೀರಿನಲ್ಲಿ ಕರೆಂಟು ಹರಿಯುತ್ತದೆ ಎಂದು ಆಫ್ರೀನ ಟೀಚರು ಸಾಲೆಯಲ್ಲಿ ತೋರಿಸಿದ್ದರು. ಪ್ರಾಚಿ ಅದನ್ನು ಅಜ್ಜನಿಗೆ ಹೇಳಿದ್ದಳು.

“ಇದನ್ನ ನಾನೂ ಕಲಿಸೇನಿ. ಮೂವತ್ತಾರು ವರ್ಷ,” ಅಂದರು ಮಾವ, ನನ್ನ ಕಡೆ ನೋಡದೆ. “ಅಡಗಿಮನಿಗೆ ಉಪಯೋಗ ಆಗ್ತದ ಅಂತ ಹೊಳದಿರಲಿಲ್ಲ.”

ತಂತಿಗಳ ತುದಿಯನ್ನು ಬಾವಿನೀರಿನ ಬಟ್ಟಲಲ್ಲಿ ಇಳಿಬಿಟ್ಟರು. ದೀಪ ಇದೆಯೋ ಇಲ್ಲವೋ ಅನ್ನುವಷ್ಟು ಹತ್ತಿತು. ಒಂದು ಚಿಟಿಕೆ ಉಪ್ಪು ಹಾಕಿದರು, ಕೆಂಪು ಏರಿತು. ಇನ್ನೊಂದು ಹಾಕಿದರು, ಮತ್ತೂ ಏರಿತು. ಪ್ರಾಚಿ ಚಪ್ಪಾಳೆ ಹೊಡೆದಳು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

“ಅದು ನನ್ನ ಹೊಸ್ತಲಾ ದಾಟಿ ಒಳಗ ಬರಬಾರದು,” ಅಂದರು.

“ಬರೂದಿಲ್ಲ. ಸಾರು ಹೊರಗ ಬಂದ್ರ ಸಾಕು,” ಅಂದರು ಮಾವ.

“ಬಟ್ಟಲಾ ನನಗ ತಾಗಬಾರದು. ಮ್ಯಾಲಿಂದ ಹನಿಸ್ತೇನಿ.”

“ಹನಿಸು.”

“ಯಾರೂ ಬಾಯಿಗೆ ಹಾಕಬಾರದು.”

“ಹಾಕೂದಿಲ್ಲ. ತಾಮ್ರಾ ಬಿಟ್ಟಿರ್ತದ, ಚೆಲ್ಲಲಿಕ್ಕೇ ಬೇಕು.”

ಹೀಗೆ ಒಪ್ಪಂದವಾಯಿತು. ಸರಿಯಾದ ಉಪ್ಪಿಗೆ ದೀಪ ಎಷ್ಟು ಕೆಂಪಗಿರಬೇಕು ಅನ್ನುವುದು ಮೊದಲು ಗೊತ್ತಾಗಬೇಕಿತ್ತು. ಅದಕ್ಕೆ ಮಡಿ ಇಲ್ಲದ ಹೊತ್ತಿನಲ್ಲಿ, ಹಿತ್ತಲಿನ ಸಣ್ಣ ಗ್ಯಾಸಿನ ಮೇಲೆ ನಾನು ಸಾರು ಕುದಿಸಿ, ನೆಕ್ಕಿ ನೋಡಿ ಉಪ್ಪು ಸರಿ ಮಾಡಿದೆ. ಪ್ರಾಚಿ ಆ ಕೆಂಪನ್ನು ಬಣ್ಣದ ಪೆನ್ಸಿಲಿನಿಂದ ಪಟ್ಟಿಯಲ್ಲಿ ತುಂಬಿಕೊಂಡಳು. ಸಪ್ಪೆಗೆ ಒಂದು ಕೆಂಪು, ಸರಿಗೆ ಒಂದು, ಹೆಚ್ಚಿಗೆ ಒಂದು.

ಮೊದಲ ದಿನ ನನಗೂ ಪ್ರಾಚಿಗೂ ರಜೆ ಇತ್ತು. ಅತ್ತೆ ಉಪ್ಪು ಹಾಕಿದ್ದಾಯಿತು ಎಂದು ಸಾರನ್ನು ಸೌಟಿನಿಂದ ಎತ್ತಿ ಬಟ್ಟಲಿಗೆ ಹನಿಸಿದರು. ಹೊಸ್ತಿಲಾಚೆ ಮಾವ ಕುಕ್ಕರಗಾಲಲ್ಲಿ ಕೂತು ತಂತಿ ಇಳಿಬಿಟ್ಟರು. ದೀಪ ಮಿಣುಕಿತು ಅಷ್ಟೇ.

“ಅಜ್ಜಿ, ಸಪ್ಪ,” ಅಂದಳು ಪ್ರಾಚಿ.

“ಹಾಕೇನಲ್ಲ.”

“ಹಾಕಿಲ್ಲ.”

ಅತ್ತೆ ಉಪ್ಪಿನ ಡಬ್ಬಿ ನೋಡಿದರು. ಮುಚ್ಚಳ ತೆಗೆದೇ ಇರಲಿಲ್ಲ. ಹಾಕಿದೆನೋ ಇಲ್ಲವೋ ಎಂದು ಇಷ್ಟು ವರ್ಷ ನೆನಪು ಇಟ್ಟುಕೊಳ್ಳುವ ಅವಶ್ಯಕತೆಯೇ ಅವರಿಗೆ ಇರಲಿಲ್ಲ. ಹಬೆ ಹೇಳುತ್ತಿತ್ತು. “ಇಷ್ಟು ದಿನಾ ಹಿಂಗನ ಆಗ್ಯದ,” ಎಂದು ತಮಗೆ ತಾವೇ ಅಂದುಕೊಂಡು ಒಂದು ಹಿಡಿ ತೆಗೆದರು.

ಅಲ್ಲಿಂದ ಮುಂದೆ ದಿನವೂ ಹತ್ತೂವರೆಗೆ ಇದೇ ಆಟವಂತೆ. ರವಿವಾರ ನಾನೂ ನೋಡಿದೆ. ಸಾಲೆ ಇದ್ದ ದಿನ ಪ್ರಾಚಿಯ ಬದಲು ಮಾವ ಒಬ್ಬರೇ ಕೂತು, ಪಟ್ಟಿಯಲ್ಲಿ ಅವಳ ಪರವಾಗಿ ಬರೆದಿಡುತ್ತಿದ್ದರು. ‘ಸಾರು, ಎರಡು ತಂಬಿಗೆ. ಉಪ್ಪು ಮೂರು ಬೆರಳಿನ ಚಿಟಿಕೆ ಐದು. ಸರಿ.’ ಅಕ್ಷರ ಕರಿಹಲಗೆಯ ಮೇಲಿನಷ್ಟು ದುಂಡಗೆ. ಅತ್ತೆ ಗೊಣಗುತ್ತಿದ್ದರು, “ಒಲಿ ಯಾವ ದಿಕ್ಕಿಗದ ಅಂತ ನಲವತ್ತಾರು ವರ್ಷ ಗೊತ್ತಿರಲಿಲ್ಲ ಇವರಿಗೆ. ಈಗ ದಿನಾ ಹೊಸ್ತಲಾ ಕಾಯ್ತಾರ.” ಮಾವ “ಕುದೀತೇನು?” ಎಂದಷ್ಟೇ ಕೇಳುತ್ತಿದ್ದರು.

ಊಟದ ಹೊತ್ತಿಗೆ ಸಾರು ಸರಿ ಇರತೊಡಗಿತು. ಪ್ರಾಚಿ ಎರಡನೇ ಸಲ ಅನ್ನ ಹಾಕಿಸಿಕೊಂಡಳು. ಆದರೆ ಅತ್ತೆಯ ಮುಖದಲ್ಲಿ ಏನೂ ಬದಲಾಗಲಿಲ್ಲ. ಉಣ್ಣಲು ಕೂತರೆ ಗೋಡೆ ನೋಡುತ್ತ, ಔಷಧ ನುಂಗುವ ಹಾಗೆ ನುಂಗಿ ಎದ್ದುಬಿಡುತ್ತಿದ್ದರು. “ಸಾರು ಛಲೋ ಆಗೇದ್ರಿ,” ಎಂದು ಒಂದು ದಿನ ಅಂದೆ. “ಬಲ್ಬು ಹೇಳ್ತು,” ಅಂದರು. ನನಗೆ ಕೆಟ್ಟದೆನಿಸಿತು, ಹದಿನಾರು ವರ್ಷದಲ್ಲಿ ನಾನು ಆ ಮಾತು ಅಂದದ್ದು ಅದೇ ಮೊದಲು.

ವಾರ ಕಳೆದ ಮೇಲೆ ನಿತಿನ ಮಠಕ್ಕೆ ಬೇಡವೆಂದು ಹೇಳಿದರು. ಹೇಳಿ ಬಂದು, “ಹೆಚ್ಚುಕಡಿಮಿ ಆದ್ರ ನನಗ ಅನಬ್ಯಾಡ್ರಿ,” ಅಂದರು.

ಪಕ್ಷದ ದಿನ ನಾನು ರಜೆ ಹಾಕಿದ್ದೆ. ಬೆಳಿಗ್ಗೆ ಐದಕ್ಕೇ ಇಬ್ಬರೂ ಸ್ನಾನ ಮಾಡಿ ಒದ್ದೆ ಮಡಿ ಉಟ್ಟು ಅಡುಗೆಮನೆ ಸೇರಿದೆವು. ಕೆಂಪು ದೀಪ ಇವತ್ತು ಬೇಡ ಎಂದು ಅತ್ತೆ ಹಿಂದಿನ ದಿನವೇ ಹೇಳಿದ್ದರು. “ಎರಡು ವಾರ ಆತು, ಕೈಗೆ ಬಂದದ. ಶ್ರಾದ್ಧದ ಒಲಿ ಮುಂದ ಆ ಪ್ಲಾಸ್ಟಿಕ್ ತರೂದು ಬ್ಯಾಡ.” ಮಾವನೂ ಹೂಂ ಅಂದಿದ್ದರು.

ಮೆಣಸಿನ ಸಾರು, ಹಾಗಲಕಾಯಿ ಪಲ್ಯ, ಉದ್ದಿನ ವಡೆ, ಎಳ್ಳುಂಡೆ. ಆ ತಿಂಗಳು ಹಾಲಿಲ್ಲದ ವ್ರತ, ಆದ್ದರಿಂದ ತೆಂಗಿನಕಾಯಿ ಹಾಲಿನ ಪಾಯಸ. ಸಾರು ಕುದಿಯುತ್ತಿದ್ದಾಗ ಅತ್ತೆ ಮೇಲಿನ ಹಲಗೆಯಿಂದ ಒಂದು ಹಿತ್ತಾಳೆ ಡಬ್ಬಿ ಇಳಿಸಿ ಮುಚ್ಚಳ ತೆಗೆದರು. ತೆಗೆದವರು ಹಾಗೇ ನಿಂತರು.

“ಏನಾತ್ರಿ?” ಅಂದೆ.

“ಸೈಂಧವ,” ಅಂದರು.

ನಮ್ಮಲ್ಲಿ ಶ್ರಾದ್ಧದ ಅಡುಗೆಗೆ ದಿನದ ಉಪ್ಪು ಬಳಸುವುದಿಲ್ಲ. ಸೈಂಧವ, ಅಂದರೆ ಕಲ್ಲಿನ ಹಾಗಿರುವ ತಿಳಿಗೆಂಪು ಉಪ್ಪು, ವರ್ಷಕ್ಕೊಮ್ಮೆ ಹೊರಗೆ ಬರುತ್ತದೆ. ಎರಡು ವಾರ ದಿನವೂ ದೀಪ ಹಿಡಿದು ಕೂತದ್ದು ಅಂಗಡಿಯ ಪುಡಿ ಉಪ್ಪಿನ ಮೇಲೆ. ಐದು ಚಿಟಿಕೆಯ ಲೆಕ್ಕ ಅದರದು. ಮಾವನಂಥ ಮಾವನಿಗೆ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಮಾವ ಆಗಲೇ ಸ್ನಾನ ಮಾಡಿ ಎಳ್ಳು ದರ್ಭೆ ಹಿಡಿದು ಕೂತಿದ್ದರು. ಅವರನ್ನು ಮಾತಾಡಿಸುವಂತಿರಲಿಲ್ಲ.

ಅತ್ತೆ ಕಲ್ಲುಗಳನ್ನು ಖಲಬತ್ತದಲ್ಲಿ ಹಾಕಿ ಕುಟ್ಟಿದರು. ನುಣ್ಣಗಾಗಲಿಲ್ಲ. ಮತ್ತೆ ಕುಟ್ಟಿದರು. ಅರ್ಧವನ್ನು ವಡೆಯ ಹಿಟ್ಟಿಗೆಂದು ಬಟ್ಟಲಲ್ಲಿ ತೆಗೆದಿಟ್ಟು, ಉಳಿದದ್ದನ್ನು ಮೂರು ಬೆರಳಲ್ಲಿ ಹಿಡಿದರು. ಕೈ ಸಾರಿನ ಮೇಲೆ ನಿಂತಿತ್ತು. ಹಬೆ ಮುಖಕ್ಕೆ ಬರುತ್ತಿತ್ತು. ನಾನು ಅವರ ಮೂಗಿನ ಹೊಳ್ಳೆ ಅರಳುವುದನ್ನು ನೋಡಿದೆ. ಒಮ್ಮೆ, ಎರಡು ಸಲ, ಮೂರು ಸಲ. ಹಳೆಯ ರೂಢಿ.

“ನನಗೇನೂ ಬರವಲ್ತು,” ಅಂದರು.

ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದೆವು. ಬಾಗಿಲು ಮುಂದೆ ಮಾಡಿತ್ತು. ನಾನು ದನಿ ತಗ್ಗಿಸಿ ಕೇಳಿದೆ, “ನಾ ಒಂದ ಹನಿ ನೋಡ್ಲೇನ್ರಿ? ಯಾರಿಗೂ ತಿಳಿಯೂದಿಲ್ಲ.”

ಅವರು ನನ್ನ ಕಡೆ ತಿರುಗಿದರು. ಬೈಯುತ್ತಾರೆ ಎಂದು ತಿಳಿದೆ. ಬೈಯಲಿಲ್ಲ. ಒಮ್ಮೆ ಸೌಟು, ಒಮ್ಮೆ ನನ್ನ ಮುಖ ನೋಡಿದರು. ನೋಡು ಅನ್ನಬೇಕೆಂದು ಅವರಿಗೆ ಬಹಳ ಅನ್ನಿಸಿತ್ತು, ಅದು ನನಗೆ ಖಾತ್ರಿ.

“ಬ್ಯಾಡ,” ಅಂದರು. “ನೀ ನೋಡಿದ್ರ ಉಪ್ಪು ಸರಿ ಆಗ್ತದ. ಆದ್ರ ಆಕಿಗೆ ಎಂಜಲಾ ಬಡಸಿದಂಗಾಗ್ತದ. ಸಪ್ಪ ಆದ್ರ ಸಪ್ಪ ಆಗಲಿ.”

ಏಳು ಚಿಟಿಕೆ ಹಾಕಿದರು. ಯಾಕೆ ಏಳು ಎಂದು ನಾನು ಕೇಳಲಿಲ್ಲ.

ಮಧ್ಯಾಹ್ನ ಇಬ್ಬರು ಬ್ರಾಹ್ಮಣರು ಎಲೆಯ ಮುಂದೆ ಕೂತರು. ಶ್ರಾದ್ಧದ ಎಲೆಗೆ ನಮ್ಮಲ್ಲಿ ಉಪ್ಪನ್ನು ಬೇರೆ ಬಡಿಸುವುದಿಲ್ಲ. ಉಣ್ಣುವವರು ಅಡುಗೆ ಹೀಗಿದೆ ಹಾಗಿದೆ ಅನ್ನಬಾರದು, ಕೇಳಲೂಬಾರದು. ಅವರು ಮೌನವಾಗಿ ಉಂಡರು. ಅತ್ತೆ ಬಡಿಸುತ್ತ ಅವರ ಕೈ, ಬಾಯಿ, ಗಂಟಲು ನೋಡುತ್ತಿದ್ದರು. ಸಾರಿಗೆ ಒಬ್ಬರು ಎರಡನೇ ಸಲ ಕೈ ಮಾಡಿದರು. ವಡೆ ಇಬ್ಬರೂ ನಾಲ್ಕು ನಾಲ್ಕು ತಿಂದರು. ಆದರೆ ಶ್ರಾದ್ಧದಲ್ಲಿ ಸಾಕು ಅನ್ನದೆ ತಿನ್ನಬೇಕಾದವರು ಅವರು. ಅದರಿಂದ ಏನು ತಿಳಿಯುತ್ತದೆ? ಕೈ ತೊಳೆದು, ದಕ್ಷಿಣೆ ತೆಗೆದುಕೊಂಡು ಹೋದರು. ಆಮೇಲೆ ಮಾವ, ನಿತಿನ, ಪ್ರಾಚಿ ಉಂಡರು. ಅಲ್ಲಿಯೂ ಮಾತಿಲ್ಲ. ಪ್ರಾಚಿಗೆ ಮೊದಲೇ ಹೇಳಿಟ್ಟಿದ್ದೆವು.

ಮೂರೂವರೆಗೆ ನಾನೂ ಅತ್ತೆಯೂ ಎಲೆ ಹಾಕಿಕೊಂಡು ಕೂತೆವು. ಅವರು ಎಂದಿನ ಹಾಗೆ ಗೋಡೆಯ ಕಡೆ ಮುಖ ಮಾಡಿದರು. ಪಕ್ಷ ಮಾಡಿದ ಮಾವ ಈ ಹೊತ್ತಿಗೆ ಮಲಗಿರುತ್ತಾರೆ. ಅವತ್ತು ಬಂದು, ಒಂದು ಮಣೆ ಎಳೆದುಕೊಂಡು ಅತ್ತೆಯ ಎಲೆಯ ಎದುರಿಗೆ ಕೂತರು. ಪಕ್ಷದ ದಿನ ಹೆಂಗಸರು ಉಣ್ಣುವಾಗ ಅವರು ಈ ಕಡೆ ಬಂದದ್ದನ್ನು ನಾನು ಕಂಡಿಲ್ಲ.

“ಸಾರಿನಾಗ ಉಪ್ಪು ಸರಿ ಅದ,” ಅಂದರು.

ಅತ್ತೆ ತಲೆ ಎತ್ತಲಿಲ್ಲ. “ನಿಮಗ ಯಾವಾಗಿಂದ ಉಪ್ಪು ತಿಳೀಲಿಕ್ಕೆ ಹತ್ತಿತು?”

“ಮೊದಲಿಂದ ತಿಳೀತದ.”

“ನಲವತ್ತಾರು ವರ್ಷದಿಂದ?”

“ಹೂಂ.”

“ನನ್ನ ಬಾಯಾಗ ರುಚಿ ಇದ್ದಾಗ ಒಂದ ದಿನಾ ಹೇಳಿದ್ರ ಏನಾಗ್ತಿತ್ರಿ?”

ನಾನು ಅನ್ನ ಕಲಸುತ್ತ ಕೂತೆ. ನನಗೆ ಎದ್ದು ಹೋಗಬೇಕೆನ್ನಿಸಿತು, ಹೋಗಲಿಲ್ಲ. ಅತ್ತೆ ಹಾಗಲಕಾಯಿ ಪಲ್ಯಕ್ಕೆ ಬೆರಳು ಮುಟ್ಟಿಸಿದರು.

“ಇದು?”

“ಕಹಿ ಮೊದಲ ಬರ್ತದ. ಬೆಲ್ಲಾ ಆಮ್ಯಾಲೆ. ಬೆಲ್ಲಾ ತುಸು ಹೆಚ್ಚಾಗೇದ.”

ಅತ್ತೆ ಅದನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. “ಪಾಯಸಾ?”

“ಯಾಲಕ್ಕಿ ಮುಂದದ. ಕಾಯಿ ಹಾಲು ಸೀದಿಲ್ಲ. ಹಾಲಿಂದು ಮಾಡಿದ್ದಕ್ಕಿಂತ ಇದ ಛಲೋ.”

ಪಾಯಸ ತಿಂದರು. “ವಡಿ?”

ಮಾವ ಎಲೆಯ ಮೇಲಿನ ವಡೆ ನೋಡಿದರು. “ವಡಿಯೊಳಗ ಉಪ್ಪಿಲ್ಲ.”

ಅತ್ತೆಯ ಕೈ ನಿಂತಿತು. “ಒಟ್ಟ ಇಲ್ಲ?”

“ಒಟ್ಟ ಇಲ್ಲ.”

ನಾನು ಒಲೆಯ ಪಕ್ಕದ ಹಲಗೆ ನೋಡಿದೆ. ವಡೆಗೆಂದು ತೆಗೆದಿಟ್ಟ ಸೈಂಧವದ ಬಟ್ಟಲು ಮುಚ್ಚಿಟ್ಟ ಹಾಗೇ ಇತ್ತು. ಅತ್ತೆಯೂ ಅದನ್ನೇ ನೋಡುತ್ತಿದ್ದರು. ಬ್ರಾಹ್ಮಣರಿಬ್ಬರೂ ನಾಲ್ಕು ನಾಲ್ಕು ಸಪ್ಪೆ ವಡೆ ತಿಂದು, ಒಂದು ಮಾತಿಲ್ಲದೆ ಹೋಗಿದ್ದರು. ನಿತಿನನೂ ತಿಂದಿದ್ದರು. ಪ್ರಾಚಿ ಕೂಡ. ನಾನು ಆಗಷ್ಟೇ ಒಂದು ತಿಂದು ಸುಮ್ಮನಿದ್ದೆ.

ಅತ್ತೆ ಅಳುತ್ತಾರೋ ಏನೋ ಅಂದುಕೊಂಡೆ. ಅವರು ವಡೆಯೊಂದನ್ನು ಎರಡು ತುಂಡು ಮಾಡಿ, ಎರಡನ್ನೂ ಸಾರಿನಲ್ಲಿ ಅದ್ದಿದರು. ಸಾರು ಒಳಗೆ ಇಳಿಯುವ ತನಕ ಬೆರಳಿನಿಂದ ಒತ್ತಿ ಹಿಡಿದರು.

“ಈಗ ಸರಿ ಆಗಿರಬೇಕು,” ಅಂದರು. ತುಂಡನ್ನು ನೋಡಿದರು, ಬಾಯಿಗೆ ಹಾಕಲಿಲ್ಲ. ಹಾಕಿಯೂ ಉಪಯೋಗವಿರಲಿಲ್ಲ.

ಪಕ್ಷ ಮಾಡಿದವರು ಅವತ್ತು ಎರಡನೇ ಸಲ ಏನನ್ನೂ ತಿನ್ನಬಾರದು. ಹೆಂಡತಿಯ ಎಲೆಯದನ್ನಂತೂ ಯಾವತ್ತೂ ಮುಟ್ಟಬಾರದು. ಮಾವ ಕೈ ಚಾಚಿ, ಅತ್ತೆಯ ಎಲೆಯಿಂದ ಒಂದು ತುಂಡು ತೆಗೆದು ಬಾಯಿಗೆ ಹಾಕಿಕೊಂಡರು. ಅತ್ತೆ ಬೇಡ ಅನ್ನಲು ಕೈ ಎತ್ತಿದವರು ಹಾಗೇ ಹಿಡಿದುಕೊಂಡರು. ಮಾವ ಚೆನ್ನಾಗಿ ಅಗಿದು ನುಂಗಿದರು.

“ಈಗ ಸರಿ ಅದ,” ಅಂದರು.

ಅತ್ತೆ ಉಳಿದ ತುಂಡು ತಿಂದರು.